ಅಟ್ಟ ಹತ್ತಿದ ಬಿತ್ತನೆ ಕಾಯಿ

ನೊಣವಿನಕೆರೆ ಸುತ್ತಿನಲ್ಲಿ ಕಿವಿಯೆಂದರೆ ಕೊಬ್ಬರಿ ಒಡೆಯುವ ಸಿದ್ದಮ್ಮನ ಕಿವಿ. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾಳೆ. ಕೂಲಿಯಿಲ್ಲದ ದಿನವೂ ಕೈಕಟ್ಟಿ ಕೂರುವ ಜೀವವಲ್ಲ. ಹಿತ್ತಲಿನಲ್ಲಿ ಗರಿಯ ಚಪ್ಪರ ಹಾಕಿ ಕರಿಬೇವು, ನಿಂಬೆ, ನುಗ್ಗೆ ಸಸಿ ಮಾಡಿ ಮಾರತೊಡಗಿದಳು.

ಅದನ್ನು ಕೇಳಿ ದಬ್ಬೇಘಟ್ಟದ ರುದ್ರೇಶ್ ಗೌರಿ ಹಬ್ಬದ ಹೊತ್ತಿಗೆ ಒಂದು ಗೊನೆ ಕಾಯಿ ಹೊತ್ತು ಬಂದ. ಅವನ ತಾತ ನೆಟ್ಟ ಮರದ ಸುಳಿಯನ್ನು ಕೆಂಪು ಮೂತಿ ಹುಳ ತಿಂದುಹಾಕಿತ್ತು.

"ಇದೇ ಕೊನೇ ಗೊನೆ ಸಿದ್ದಕ್ಕ. ತಳಿ ಉಳಿಸ್ಕೊಡು."

"ನಂಗೆ ಬುಡಪ್ಪ."

ತೆಂಗಿನ ಸಸಿಯನ್ನು ಅವಳು ಎಂದೂ ಮಾಡಿರಲಿಲ್ಲ. ಆದರೆ ತೆಂಗಿನಕಾಯಿಯ ವಿಷಯದಲ್ಲಿ ತನಗೆ ಯಾರು ಪಾಠ ಹೇಳಬೇಕು? ಬಿತ್ತುವ ಮೊದಲು ಚೆನ್ನಾಗಿ ಒಣಗಲೆಂದು ರುದ್ರೇಶನ ಕಾಯಿಗಳನ್ನು ಅಟ್ಟಕ್ಕೇರಿಸಿದಳು. ಮುಂಗಾರು ಹನಿದಾಗ ಇಳಿಸಿ ಅಲ್ಲಾಡಿಸಿದಳು. ಲೊಡಕ್. ಇನ್ನೊಂದು, ಅದೂ ಲೊಡಕ್. ದಿನವೂ ಕೇಳಿ ಹಿಗ್ಗುತ್ತಿದ್ದ ಸದ್ದು ಅಂದು ಎದೆಗೆ ಗುದ್ದಿತು. ನೀರು ಬತ್ತಿ ಕೊಬ್ಬರಿಯಾದ ಕಾಯಿ ಮೊಳೆಯುವುದುಂಟೆ?

ಗಂಡ ಹುಚ್ಚಣ್ಣ ನಕ್ಕ. "ತಳಿ ಉಳಿಸು ಅಂದ್ರೆ ಚಟ್ನಿಗೆ ಅಣಿ ಮಾಡ್ಬುಟ್ಯಲ್ಲೇ! ನಮ್ಮ ಮರದ ಕಾಯಿ ಹೂಳಿ ಕೊಟ್ಬುಡು. ಸಸಿ ಮೇಲೆ ಹೆಸ್ರು ಬರ್ದಿರ್ತದಾ?"

"ಸುಮ್ಕಿರಯ್ಯ. ಅವನು ಅದ್ನ ತಾತನ ಮರ ಅಂತ ಸಾಕ್ತಾನೆ. ಆ ದಾರೀಲಿ ಹೋಗುವಾಗ ನಾನು ಮುಖ ಎಲ್ಲಿಟ್ಕೊಳ್ಳಿ?"

ಬಸ್ಸು ಹತ್ತಿ ಹೋಗಿ ರುದ್ರೇಶನಿಗೆ ನಡೆದದ್ದನ್ನು ನಡೆದಂತೆ ಹೇಳಿದಳು. ಅವನು ಸುಳಿ ಬಿದ್ದ ಮರವನ್ನೇ ನೋಡುತ್ತಾ ನಿಂತ.

"ಒಂದೂ ಉಳಿದಿಲ್ವಾ?"

"ಅಟ್ಟದ ಮೂಲೇಲಿದ್ದ ಕೆಲವ್ರಲ್ಲಿ ಇನ್ನೂ ನೀರೈತೆ, ಗುಳುಗುಳು ಅಂತವೆ. ಮೊಳೀತವೆ ಅಂತ ಮಾತು ಕೊಡಲ್ಲ ಕಣಪ್ಪ."

ಮನೆಗೆ ಬಂದು ಅಷ್ಟನ್ನೇ ಮರಳಿನ ಮಡಿಯಲ್ಲಿ ಹೂತು, ಗರಿ ಮುಚ್ಚಿ, ಬಾಣಂತಿಯಂತೆ ನೋಡಿಕೊಂಡಳು. ತಾನು ಮುಖ ತೊಳೆಯುವ ಮೊದಲು ಮಡಿಗೆ ನೀರು. ದೀಪಾವಳಿ ಹತ್ತಿರವಾದಾಗ ಒಂದು ಕಾಯಿಯಿಂದ ಬಿಳಿಯ ಮೊಳಕೆ ಇಣುಕಿತು. ಅದರ ಬೆನ್ನಿಗೆ ಇನ್ನೆರಡು.

ಮರುವರ್ಷದ ಮಳೆಗೆ ಸಸಿ ಒಯ್ಯಲು ರುದ್ರೇಶ್ ಓಡಿ ಬಂದ. ಸಿದ್ದಮ್ಮ ಅಡ್ಡ ನಿಂತಳು.

"ಹುಳ ಹಿಡ್ದ ಮರ ಇನ್ನೂ ನಿಂತೈತಾ?"

"ತಾತ ನೆಟ್ಟಿದ್ದು ಅಕ್ಕ, ಕಡಿಯಕ್ಕೆ ಮನಸ್ಸೇ ಬರಲ್ಲ."

"ಆ ಹುಳಾನೇ ಬಂದು ಇವನ್ನೂ ತಿನ್ಲಿ ಅಂತ ನಾನು ಸಾಕಿದ್ನಾ? ಕಡ್ದು ಸುಟ್ಟು ಬಾ. ಆಮೇಲೆ ಮಾತು."

ಅವನು ಬರಿಗೈಯಲ್ಲಿ ಹೋದ. ಮುಂದಿನ ವಾರ ಬಂದಾಗ ಅಂಗಿಯೆಲ್ಲ ಹೊಗೆ ವಾಸನೆ, ಕಣ್ಣು ಕೆಂಪು. ಸಿದ್ದಮ್ಮ ಸಸಿಗಳನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನವರೆಗೆ ತಾನೇ ಹೊತ್ತು ನಡೆದಳು.