ಮೇಲಿನ ಸ್ವರ

ನಾಗಪುರದ ಪಕ್ಕದ ಕಾಮಠಿಯಲ್ಲಿ ಸೇನೆಯ ಬ್ಯಾಂಡಿಗೆ ಕ್ಲಾರಿನೆಟ್ ನುಡಿಸುತ್ತಿದ್ದ ಯಲ್ಲಪ್ಪ ಗೋಕಾಕದ ಕಡೆಯವನು. ಬಡ್ತಿಗೆ ಕಿವಿಯ ಪರೀಕ್ಷೆಯೊಂದಿತ್ತು. ಪಿಯಾನೋದಲ್ಲಿ ಮೂರು ಸ್ವರ ಒಟ್ಟಿಗೆ ನುಡಿಸುತ್ತಾರೆ, ಆ ಟ್ರಯಡ್ ಯಾವುದೆಂದು ಹೇಳಬೇಕು. ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಸ, ಗ, ಪ ಸೇರಿದರೆ ಮೇಜರ್. ಅದರ ಪ ಅರ್ಧ ಸ್ವರ ಏರಿದರೆ ಆಗ್ಮೆಂಟೆಡ್. ಗ ಮಾತ್ರ ಅರ್ಧ ಇಳಿದರೆ ಮೈನರ್, ಪ ಕೂಡ ಇಳಿದರೆ ಡಿಮಿನಿಶ್ಡ್.

ಹೆಂಡತಿ ಸ್ವಪ್ನಾ ಕ್ವಾರ್ಟರ್ಸಿನ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಿದ್ದಳು. ಒಂದು ಸಂಜೆ ಕೂಲರ್ ಆರಿಸಿ, ಗಂಡನನ್ನು ಬೆನ್ನು ತಿರುಗಿಸಿ ಕೂರಿಸಿದಳು.

“ಇದ್ಯಾವ್ದು?”

“ಮೇಜರ್.”

“ಅಲ್ರೀ, ಆಗ್ಮೆಂಟೆಡ್. ಇಳ್ಯಾಕ ಜಾಗಾನ ಇಲ್ಲದಂಗ ಕೇಳಸ್ತೈತಲ್ಲ. ಇದು?”

“ಮೈನರ್.”

“ಡಿಮಿನಿಶ್ಡ್. ಕುತ್ತಿಗಿ ಹಿಚುಕಿದಂಗೈತಿ, ನೋಡ್ರಿ.”

ಮೇಜರ್‌ಗೂ ಮೈನರ್‌ಗೂ ಎಷ್ಟು ಸಲ ನುಡಿಸಿದರೂ ಅವನು ಗೊಂದಲ ಮಾಡಿಕೊಳ್ಳಲಿಲ್ಲ. ಹಾಗಾದರೆ ಕೆಳಗಿನ ಎರಡು ಸ್ವರ ಸರಿಯಾಗಿ ಕೇಳುತ್ತಿವೆ. ಸ್ವಪ್ನಾ ಮೇಲಿನ ಸ್ವರವೊಂದನ್ನೇ, ಇನ್ನೂ ಎತ್ತರದಲ್ಲಿ, ಮೆಲ್ಲಗೆ ಒತ್ತಿ ಹಿಡಿದಳು. ಸ್ವರ ನುಡಿಯುತ್ತಲೇ ಇತ್ತು.

“ನುಡಸು ಮತ್ತ,” ಎಂದ ಯಲ್ಲಪ್ಪ, ಕಾಯುತ್ತ.

ಅವಳು ಎದ್ದು ಬಂದು ಎದುರಿಗೆ ನಿಂತಳು. “ಯಾವಾಗಿಂದ್ರೀ?”

ಅವನು ತಲೆ ಎತ್ತಲಿಲ್ಲ. “ಹೋದ ವರ್ಷದಿಂದ. ಪಕ್ಕದಾಂವನ ಬೆರಳು ನೋಡಿ ನುಡಸ್ತೀನಿ. ಯಾರಿಗೂ ಹೇಳಬ್ಯಾಡ. ಕಿವಿ ಹೋದಾಂವನ್ನ ಬ್ಯಾಂಡಿನ್ಯಾಗ ಇಟ್ಕೊಳ್ಳೂದಿಲ್ಲ.”

ಪರೀಕ್ಷೆಯಲ್ಲಿ ಅವನು ಊಹಿಸಿ ಹೇಳಿದ್ದೆಲ್ಲ ಸರಿಯಾಗಿಬಿಟ್ಟಿತು. ಬ್ಯಾಂಡ್ ಮಾಸ್ಟರ್ ಶ್ರೀವತ್ಸ ಮೈಸೂರಿನವರು. ಬೆನ್ನು ತಟ್ಟಿ, “ಮುಂದಿನ ಕೋರ್ಸಿಗೆ ನಿನ್ನ ಹೆಸರು ಕಳಿಸ್ತೀನಿ ಕಣಯ್ಯ. ದಿನವಿಡೀ ಇದೇ ಕೆಲಸ, ಕೇಳೋದು, ಬರೆಯೋದು,” ಎಂದರು. ಜೊತೆಯವರು ಯಲ್ಲಪ್ಪನ ಬಾಯಿಗೆ ಪೇಡೆ ಇಟ್ಟರು. ಸೋತಿದ್ದರೆ ಪಕ್ಕದವನ ಬೆರಳು ನೋಡಿಕೊಂಡಾದರೂ ದಿನ ತಳ್ಳಬಹುದಿತ್ತು. ಈಗ ಅದೂ ಇಲ್ಲ.

ಕೋರ್ಸಿಗೆ ಹೊರಡುವ ಮುನ್ನ ವೈದ್ಯಕೀಯ ತಪಾಸಣೆ ಇತ್ತು. ಗಾಳಿಯೂ ಆಡದ ಪುಟ್ಟ ಪೆಟ್ಟಿಗೆಯಂಥ ಕೋಣೆಯಲ್ಲಿ ಅವನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗೆಲ್ಲ ಒತ್ತಬೇಕು. ಗಾಜಿನಾಚೆ ತಂತ್ರಜ್ಞನ ಕೈ ಯಂತ್ರದ ಮೇಲೆ ಆಡುವುದು ಕಾಣುತ್ತಿತ್ತು. ಅದನ್ನು ನೋಡಿ ಒತ್ತಿದರೆ ಸಾಕಿತ್ತು. ಒಮ್ಮೆ ಹಾಗೆಯೇ ಒತ್ತಿದ. ಆಮೇಲೆ ಕಣ್ಣು ಮುಚ್ಚಿಕೊಂಡ. ಬಹಳ ಹೊತ್ತು ಅವನ ಹೆಬ್ಬೆರಳು ಅಲುಗಲಿಲ್ಲ.

ಈಗ ಅವನು ಬ್ಯಾಂಡಿನ ಸಮವಸ್ತ್ರಗಳ ಸ್ಟೋರಿನಲ್ಲಿದ್ದಾನೆ. ತಾಲೀಮಿನ ಹೊತ್ತಿಗೆ ಕಿಟಕಿ ಹಾಕಿಕೊಳ್ಳುತ್ತಾನೆ.