ಇಂಗ್ಲೆಂಡಿನ ಬಿಲ್ಲು, ರಾಲಿಯ ರೊಟ್ಟಿ

ಇಂಗ್ಲೆಂಡಿನ ರಾಜರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬದನೆಕಾಯಿ ಸೀಳುತ್ತಾ ಕೇಳಿಸಿಕೊಂಡದ್ದು. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಮೊಮ್ಮಗಳು ಅನು ಹೈಸ್ಕೂಲಿನಲ್ಲಿ ಇತಿಹಾಸ ಓದುತ್ತಾಳೆ. ಪಾಠ ತಲೆಗೆ ಹತ್ತಬೇಕಾದರೆ ಏನೂ ತಿಳಿಯದವರಿಗೆ ಅದನ್ನು ಹೇಳಿಕೊಡಬೇಕು ಎಂದು ಅವಳ ಟೀಚರು ಅಂದರಂತೆ. ಮನೆಯಲ್ಲಿ ಅಂಥವರು ಯಾರೆಂದು ಹುಡುಕಲು ಅವಳಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಅವಳ ಅವ್ವ, ಅಂದರೆ ನನ್ನ ಮಗಳು, ಡಾಕ್ಟರು. ಅವಳಿಗೆ ಎಲ್ಲ ಗೊತ್ತು, ಕೂತು ಕೇಳುವ ತಾಳ್ಮೆಯೊಂದು ಇಲ್ಲ. ನಾನಾದರೆ ಒಲೆಯ ಮುಂದೆ ಸಿಕ್ಕೇ ಸಿಗುತ್ತೇನೆ, ಕೈಯಲ್ಲಿ ಕೆಲಸ ಇರುವುದರಿಂದ ಎದ್ದು ಓಡುವುದೂ ಇಲ್ಲ.

ಹೀಗೆ ಅಮೆರಿಕದ ರಾಲಿ ಎಂಬ ಊರಿನ ನಮ್ಮ ಅಡುಗೆಮನೆಗೆ ಇಂಗ್ಲಿಷರ ದಂಡು ಬಂದು ಇಳಿಯಿತು.

ಮೊದಮೊದಲು ಅದು ದಂಡೇ ಅಲ್ಲವಂತೆ. ಯುದ್ಧ ಬಂದಾಗ ರಾಜ ಹೇಳಿ ಕಳಿಸುವುದು, ದೊಡ್ಡ ಮನೆಯವರು ತಮ್ಮ ತಮ್ಮ ಆಳುಗಳನ್ನು ಕಟ್ಟಿಕೊಂಡು ಬರುವುದು, ಊರಿನವರು ಅಟ್ಟದ ಮೇಲಿನ ತುಕ್ಕು ಕತ್ತಿ ಇಳಿಸಿಕೊಂಡು ಬರುವುದು. ಮುಗಿದ ಮೇಲೆ ಎಲ್ಲರೂ ಮನೆಗೆ. ನನಗೆ ಇದು ಹೇಳಿದ ಕೂಡಲೇ ತಿಳಿಯಿತು. ಇಲ್ಲಿಯ ಉತ್ತರ ಕರ್ನಾಟಕದ ಮಂದಿಯ ಸಂಕ್ರಾಂತಿ ಊಟವೂ ಹಾಗೇ. ಒಬ್ಬೊಬ್ಬರು ಒಂದೊಂದು ಪಾತ್ರೆ ಹೊತ್ತು, ಬಾಡಿಗೆಗೆ ಹಿಡಿದ ಹಾಲ್‌ಗೆ ಬರುತ್ತಾರೆ. ಒಬ್ಬಳ ಪಲ್ಯ ಖಾರ, ಇನ್ನೊಬ್ಬಳದು ಸಿಹಿ. ಮೂರು ಮನೆಯಿಂದ ಮೊಸರನ್ನ ಬರುತ್ತದೆ, ಬಡಿಸುವ ಸೌಟು ಯಾವ ಮನೆಯಿಂದಲೂ ಬರುವುದಿಲ್ಲ.

ಆ ಊಟದಲ್ಲಿ ಬಿಸಿ ಜೋಳದ ರೊಟ್ಟಿ ನನ್ನದು. ಹಾಲ್‌ನ ಅಡುಗೆಮನೆಯಲ್ಲಿ ನಿಂತು ನಾನು ಕೈಯಿಂದ ಬಡಿಯುತ್ತೇನೆ, ಜನ ನಿಂತು ನೋಡುತ್ತಾರೆ. ನನಗೆ ಕಾರು ಓಡಿಸಲು ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ. ಈ ಊರಲ್ಲಿ ವರ್ಷವಿಡೀ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಆ ಒಂದು ದಿನ ಎಲ್ಲರೂ ನನ್ನನ್ನು ಕೇಳಬೇಕು. ಅದನ್ನು ಬಿಟ್ಟುಕೊಡುವ ಪೈಕಿ ನಾನಲ್ಲ.

ಈ ವರ್ಷ ಜನ ಬಹಳ ಹೆಚ್ಚಾದರು. ಆಗ ಶ್ರುತಿ ಎಂಬವಳು ನಮ್ಮ ಮನೆಗೆ ಒಂದು ಯಂತ್ರ ಹಿಡಿದು ಬಂದಳು. ಅವಳು ಮೈಸೂರಿನವಳು, ಬಾಗಲಕೋಟೆಯ ಗಂಡನನ್ನು ಕಟ್ಟಿಕೊಂಡವಳು. ಯಂತ್ರವೆಂದರೆ ಎರಡು ಕಬ್ಬಿಣದ ತಟ್ಟೆ, ಒಂದು ಹಿಡಿಕೆ. ಮೆಕ್ಸಿಕೋದವರು ತಮ್ಮ ರೊಟ್ಟಿ ಒತ್ತುವುದಕ್ಕೆ ಇಟ್ಟುಕೊಳ್ಳುವಂಥದ್ದು.

"ಆಂಟಿ, ಉಂಡೆ ಇಟ್ಟು ಪ್ರೆಸ್ ಮಾಡಿದ್ರೆ ಆಯ್ತು. ಯಾರ್ ಬೇಕಾದ್ರೂ ಮಾಡಬಹುದು."

"ಯಾರ್ ಬೇಕಾದವ್ರು ಮಾಡಿದ್ದನ್ನ ಯಾರ್ ಬೇಕಾದವ್ರು ತಿನ್ನಲಿ. ಅದು ಬಂದ್ರ ನಾ ಬರಂಗಿಲ್ಲವಾ."

ಅದೇ ವಾರ ಅನು ಬಿಲ್ಲು ಬಂದೂಕಿನ ಪಾಠ ತೆಗೆದಳು. ಇಂಗ್ಲಿಷರ ಉದ್ದ ಬಿಲ್ಲೆಂದರೆ ಶತ್ರುಗಳಿಗೆ ನಡುಕವಂತೆ. ಚಿಕ್ಕಂದಿನಿಂದ ಎಳೆದು ಎಳೆದು ಕಲಿಯಬೇಕು. ಹಬ್ಬದ ದಿನ, ರವಿವಾರ, ಆಟಪಾಟ ಬಿಟ್ಟು ಬಿಲ್ಲು ಹಿಡಿಯಿರಿ ಎಂದು ರಾಜರು ಕಾಯಿದೆ ಮಾಡಿದ್ದರು. ಆಗಿನವರ ಎಲುಬು ಈಗ ಸಿಕ್ಕಿವೆ, ಭುಜದ ಹತ್ತಿರ ರೂಪವೇ ಬದಲಾಗಿದೆ ಅಂದಳು. ನಾನು ನನ್ನ ಬಲಭುಜ ಮುಟ್ಟಿ ನೋಡಿಕೊಂಡೆ. ಬಂದೂಕಾದರೆ ನಿಧಾನ, ಗುರಿ ತಪ್ಪುತ್ತದೆ, ಮಳೆ ಬಂದರೆ ಬತ್ತಿ ಆರುತ್ತದೆ.

"ಮತ್ತ ಬಿಲ್ಲು ಯಾಕ ಬಿಟ್ರು ಆ ಹುಚ್ಚುಮುಂಡೇವು?"

"ಅಜ್ಜಿ, ಗನ್ ಕಲಿಯೋಕೆ ಫ್ಯೂ ವೀಕ್ಸ್ ಸಾಕು. ಬೋಗೆ ಹೋಲ್ ಲೈಫ್ ಬೇಕು. ಆಮೇಲೆ ಬೋ ಬರೋರು ಕಮ್ಮಿ ಆದ್ರು, ದಟ್ಸ್ ಆಲ್."

ಎಣ್ಣೆಗಾಯಿಗೆ ಬದನೆಕಾಯಿಯ ತೊಟ್ಟು ಇರಬೇಕು. ಅವತ್ತು ನಾಲ್ಕಾರು ಕಾಯಿಯ ತೊಟ್ಟು ಹಾರಿಹೋದವು. ನಾನಾದರೂ ಯಾರಿಗೆ ಕಲಿಸಿದ್ದೆ? ನನ್ನ ಮಗಳು ಮನುಷ್ಯರ ಹೊಟ್ಟೆ ಕೊಯ್ದು ಹೊಲಿಯುತ್ತಾಳೆ, ಅವಳು ಬಡಿದ ರೊಟ್ಟಿಗೆ ಹೊಲಿಗೆ ಹಾಕುವವರು ಇನ್ನೂ ಹುಟ್ಟಬೇಕು. ಕಲಿಯುತ್ತೇವೆ ಎಂದು ಬಂದ ಹುಡುಗಿಯರು ವಿಡಿಯೊ ತೆಗೆದುಕೊಂಡು ಹೋದರು. ರೊಟ್ಟಿ ಅವರ ಫೋನಿನಲ್ಲಿ ಚೆನ್ನಾಗಿದೆ.

ಕಡೆಗೆ, ನಾನು ಬಡಿಯುತ್ತೇನೆ, ನೀವು ಬೇಕಾದರೆ ಒತ್ತಿಕೊಳ್ಳಿ ಎಂದು ರಾಜಿ ಮಾಡಿಕೊಂಡು ಸಂಕ್ರಾಂತಿಯ ದಿನ ಹಾಲ್‌ಗೆ ಹೋದೆ. ಅವರ ರೊಟ್ಟಿ ಕೆಡಲಿ ಎಂಬ ಆಸೆ ಮನಸ್ಸಿನಲ್ಲಿತ್ತು. ಕೆಟ್ಟಿತು ಕೂಡ. ಒಬ್ಬಳ ಹಿಟ್ಟು ಯಂತ್ರದೊಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಅಂಟಿತು, ಇನ್ನೊಬ್ಬಳದು ಹಂಚಿಗೆ ಬೀಳುವಾಗಲೇ ಮೂರು ತುಂಡಾಯಿತು. ನೀರು ಸವರುವ ಬಟ್ಟೆ ಯಾರ ಕೈಯಲ್ಲಿದೆ ಎಂದು ಜಗಳವಾಗುವಷ್ಟರಲ್ಲಿ ಹಂಚಿನ ಮೇಲಿದ್ದದ್ದು ಕರಕಾಯಿತು. ನನಗೆ ಬಹಳ ಸಮಾಧಾನವಾಯಿತು. ಆದರೆ ತಲೆ ಎತ್ತಿದರೆ ತಟ್ಟೆ ಹಿಡಿದವರ ಸಾಲು ಬಾಗಿಲು ದಾಟಿ ಪಾರ್ಕಿಂಗ್‌ವರೆಗೆ ಹೋಗಿತ್ತು. ನನ್ನದು ಒಂದು ಹಂಚು, ಎರಡು ಕೈ. ನಾನು ಬಡಿಯುವುದು ಎಷ್ಟು ಚೆಂದವಾದರೇನು, ಸಾಲು ಕರಗುವುದಿಲ್ಲ.

ಸಾಲಿನಲ್ಲಿದ್ದ ಅನು ಬಂದು, "ಅಜ್ಜಿ, ಇವರಿಗೆ ಡ್ರಿಲ್ ಇಲ್ಲ," ಅಂದಳು. ಬಂದೂಕು ಗೆದ್ದದ್ದು ಬಂದೂಕಿನಿಂದಲ್ಲ ಎಂದು ಅವಳೇ ಹೇಳಿದ್ದಳು. ಮದ್ದು ಹಾಕುವುದು, ಗುಂಡು ಹಾಕುವುದು, ಕೋಲಿನಿಂದ ಜಡಿಯುವುದು, ಹೀಗೆ ಕೆಲಸವನ್ನು ಚೂರುಚೂರು ಮಾಡಿ, ಒಬ್ಬ ಕೂಗಿ, ಎಲ್ಲರೂ ಒಟ್ಟಿಗೆ ಮಾಡುತ್ತಿದ್ದರಂತೆ. ಮುಂದಿನ ಸಾಲು ಹೊಡೆದು ಹಿಂದೆ ಸರಿದರೆ ಹಿಂದಿನದು ಮುಂದೆ.

ನಾನು ಕೈ ತೊಳೆದುಕೊಂಡು ಸೌಟು ಎತ್ತಿದೆ.

"ಎಲ್ಲಾರೂ ಬಾಯಿ ಮುಚ್ಚರಿ. ಶ್ರುತಿ, ನೀ ಉಂಡಿ ಅಷ್ಟ ಮಾಡು. ನಿನ್ನ ಗಂಡ ಒತ್ತಲಿ, ಅವಗ ಬ್ಯಾರೆ ಏನೂ ಬರಂಗಿಲ್ಲ. ನಡುವ ಯಾರೂ ಬರಬ್ಯಾಡ್ರಿ, ನಾನಾದ್ರೂ ಅಷ್ಟ. ಉಂಡಿ. ಒತ್ತು. ಹಂಚು. ನೀರು. ಹೊಳ್ಳಿಸು."

ಸ್ವಲ್ಪ ಹೊತ್ತಿಗೆ ಕೂಗುವುದೇ ಬೇಡವಾಯಿತು. ರೊಟ್ಟಿ ಒಂದರ ಹಿಂದೊಂದು ಬೀಳತೊಡಗಿದವು. ನನ್ನವುಗಳ ಹಾಗೆ ಉಬ್ಬಲಿಲ್ಲ, ಆದರೆ ಉಬ್ಬಿದವು.

ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಜಗಳ ಹತ್ತಿದಾಗ ಪಾರ್ಲಿಮೆಂಟಿನವರು ಹೊಸ ದಂಡು ಕಟ್ಟಿದರಂತೆ. ಸಂಬಳ, ಒಂದೇ ಬಣ್ಣದ ಅಂಗಿ, ಯಾರ ಮಗ ಎಂಬುದಕ್ಕಿಂತ ಏನು ಬರುತ್ತದೆ ಎಂಬ ಲೆಕ್ಕ. ಆ ದಂಡು ರಾಜನನ್ನು ಸೋಲಿಸಿತು. ಆಮೇಲೆ ಒಂದು ದಿನ ಪಾರ್ಲಿಮೆಂಟಿನ ಬಾಗಿಲಿಗೇ ಬಂದು ನಿಂತು, ನೀನು ಒಳಗೆ ಬಾ, ನೀನು ಮನೆಗೆ ಹೋಗು ಎಂದಿತು. ಸಾಕಿದವರಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ನಾನು ನಕ್ಕಿದ್ದೆ.

ಈಗ ರೊಟ್ಟಿಯ ಅಂಚು ದಪ್ಪವಾಯಿತು ಎಂದು ಹೇಳಲು ನಾನು ಒಲೆಯ ಹತ್ತಿರ ಹೋದೆ. ಶ್ರುತಿ ಮೊಣಕೈ ಅಡ್ಡ ಹಿಡಿದಳು.

"ಆಂಟಿ, ನಡುವೆ ಬರಬೇಡಿ ಪ್ಲೀಸ್, ನೀವೇ ಹೇಳಿದ್ದು. ಕೂತ್ಕೊಳ್ಳಿ, ಸರ್ವ್ ಮಾಡ್ತೀವಿ."

ಯಾರೋ ಕುರ್ಚಿ ತಂದು ಗೋಡೆಗೆ ಒತ್ತಿ ಹಾಕಿದರು. ಮುಖ ಗಂಟು ಹಾಕಿಕೊಂಡೇ ಕೂತೆ. ತಟ್ಟೆ ಬಂತು, ಅದರಲ್ಲಿ ಹಂಚಿನಿಂದ ಈಗಷ್ಟೇ ಇಳಿದ ರೊಟ್ಟಿ, ಮೇಲೆ ಬೆಣ್ಣೆ ಕರಗುತ್ತಿತ್ತು. ಬಡಿಯುವವಳು ಯಾವತ್ತೂ ಕಡೆಗೆ ಉಣ್ಣುತ್ತಾಳೆ, ತಣ್ಣಗಾದದ್ದು, ಹರಿದದ್ದು. ಮದುವೆಯಾದಾಗಿನಿಂದ ಒಬ್ಬರಾದರೂ ಬಿಸಿ ರೊಟ್ಟಿ ಮಾಡಿ ನನ್ನ ಮುಂದೆ ಇಟ್ಟದ್ದು ನೆನಪಿಲ್ಲ. ಬಿಲ್ಲು ಕೆಳಗಿಟ್ಟ ಮುದುಕರು ಅತ್ತರೋ ಏನೋ, ಪಾಠದಲ್ಲಿ ಇಲ್ಲವಂತೆ. ಒಬ್ಬಿಬ್ಬರಾದರೂ ಕಾಲು ಚಾಚಿ ಉಂಡಿರಬೇಕು ಎಂದು ನನ್ನ ಅಂದಾಜು.

ಅಂಚು ದಪ್ಪವೇ ಇತ್ತು. ಎರಡು ತಿಂದೆ. ಮೂರನೆಯದು ಬರುವುದು ತಡವಾದಾಗ, "ಯಾಕ, ನಿಂತೀರೇನು?" ಎಂದು ಕೂತಲ್ಲಿಂದಲೇ ಕೂಗಿದೆ.