ಮಂಗಳ ಗ್ರಹದಲ್ಲಿ ಬಿದ್ದ ಹುಡುಗಿ

ನಿನ್ನೆ ಸಂಜೆ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಬೀದಿಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಒಬ್ಬಳ ಕಣ್ಣಿಗೆ ಯಾರದೋ ನೀಲಿ ದುಪಟ್ಟಾ ಕಟ್ಟಿದ್ದರು. ಅದನ್ನು ಕಂಡದ್ದೇ ತಡ, ನನ್ನ ಮನಸ್ಸು ಭದ್ರಾವತಿಯ ಶಾಲೆಯ ಅಂಗಳಕ್ಕೆ ಓಡಿತು. ಅಲ್ಲಿ ನಾನು ಬಹಳ ವರ್ಷ ವಿಜ್ಞಾನದ ಮೇಡಂ ಆಗಿದ್ದೆ. ನೀವು ನಂಬುವುದಾದರೆ ಹೇಳುತ್ತೇನೆ, ಒಮ್ಮೆ ಆ ಅಂಗಳವನ್ನೇ ಮಂಗಳ ಗ್ರಹ ಮಾಡಿದ್ದೆ.

ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ಆಟದ ಮೂಲಕ ಪಾಠ ಕಲಿಸುವ ಬಗ್ಗೆ ಶಿವಮೊಗ್ಗದಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನನ್ನದೂ ಅದೇ ಉತ್ಸಾಹ. ಅಂಗಳದ ಮೂಲೆಯಲ್ಲಿ ಕಬ್ಬಿಣದ ಕಿಟ್ಟದ ತುಂಡೊಂದನ್ನು ಇಟ್ಟೆ. ಕಬ್ಬಿಣದ ಕಾರ್ಖಾನೆಯಿರುವ ಭದ್ರಾವತಿಯಲ್ಲಿ ಕಿಟ್ಟಕ್ಕೇನು ಬರ? ಅದೇ ಮಂಗಳದ ಕಲ್ಲು. ಕಣ್ಣು ಕಟ್ಟಿಸಿಕೊಂಡವರು ಅದನ್ನು ಎತ್ತಿ ತರುವ ಗಾಡಿ. ಭೂಮಿಯಿಂದ ಹೇಳಿದ್ದು ಅಲ್ಲಿಗೆ ಮುಟ್ಟಲು ನಿಮಿಷಗಟ್ಟಲೆ ಬೇಕಲ್ಲ, ಹಾಗಾಗಿ ಉಳಿದವರು ಎಲ್ಲ ಆದೇಶಗಳನ್ನೂ ಮೊದಲೇ ಬರೆದಿಡಬೇಕು. ಓದಲು ಶುರುಮಾಡಿದ ಮೇಲೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಈ ಕೊನೆಯ ನಿಯಮವೆಂದರೆ ನನಗೆ ಪ್ರಾಣ.

ಎಂಟನೇ ಕ್ಲಾಸಿನ ನಸೀಮಾ ಗಾಡಿಯಾದಳು. ತನ್ನ ಹೆಜ್ಜೆಯಲ್ಲಿ ಅಳೆದು ಆದೇಶ ಬರೆದವಳು ಗಿಡ್ಡಿ, ನಸೀಮಾ ಉದ್ದ ಕಾಲಿನವಳು. "ಮುಂದೆ ಹನ್ನೆರಡು ಹೆಜ್ಜೆ" ಎಂದಾಗ ಒಂಬತ್ತಕ್ಕೇ ಧ್ವಜದ ಕಟ್ಟೆಯ ಹತ್ತಿರ ಬಂದುಬಿಟ್ಟಳು. ಮಕ್ಕಳು ನನ್ನ ಮುಖ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ತಪ್ಪಿದರೆ ತಾನೇ ಕಲಿಯುವುದು ಎಂಬ ಜಂಬ ನನ್ನದು. ಅವಳು ಕಟ್ಟೆಗೆ ಎಡವಿ ಬಿದ್ದಳು, ಮೊಣಕಾಲಿನ ಚರ್ಮ ಕಿತ್ತುಬಂತು.

ಮರುದಿನ ಅವಳ ಅಪ್ಪ ಬಂದರು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಮಗಳ ಟಿ.ಸಿ. ಕೊಡಿ, ಬೇರೆ ಶಾಲೆಗೆ ಸೇರಿಸುತ್ತೇನೆ ಎಂದರು. ನಾನು ಮಂಗಳ ಗ್ರಹ, ಆದೇಶ, ನಿಯಮ ಎಂದು ಒಂದು ಪೀರಿಯಡ್ಡಿನ ಪಾಠವನ್ನೇ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಕಟ್ಟೆ ನಿಮಗೆ ಕಾಣ್ತಿತ್ತಾ ಮೇಡಂ?"

ಕಾಣುತ್ತಿತ್ತು ಎಂದೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಕ್ರೇನಲ್ಲಿ ನಾವು ಮೇಲೆ ಕೂತಿರ್ತೀವಿ, ಕೆಳಗಿಂದು ಪೂರ್ತಿ ಕಾಣಲ್ಲ. ಸಿಗ್ನಲ್ ಕೊಡೋನು ಒಬ್ನೇ, ಅವನ ಮಾತೇ ಕೇಳ್ಬೇಕು. ಆದ್ರೆ ನಿಲ್ಸು ಅಂತ ಯಾರು ಕೂಗಿದ್ರೂ ನಿಲ್ಸ್ತೀವಿ. ಕಸ ಗುಡಿಸೋನು ಕೂಗಿದ್ರೂ ನಿಲ್ಸ್ತೀವಿ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಬಾಗಿಲಲ್ಲಿ ನಿಂತಿದ್ದ ನಸೀಮಾಳನ್ನು ಕರೆದು, ತಪ್ಪು ನನ್ನದು ಎಂದೆ. ಮೇಡಂ ಆದ ಮೇಲೆ ಆ ಮಾತು ಆಡಿದ್ದು ಅದೇ ಮೊದಲು. ಅವಳು ಅಪ್ಪನಿಗೆ, ಇನ್ನೊಂದು ಸಲ ತಾನೇ ಗಾಡಿಯಾಗಬೇಕು ಎಂದಳು. ಅವರು ಮತ್ತೆ ಟಿ.ಸಿ. ಮಾತೆತ್ತದೆ ಶಿಫ್ಟಿಗೆ ಹೊರಟರು.

ಮುಂದಿನ ವಾರ ಅವರ ನಿಯಮವನ್ನೂ ಸೇರಿಸಿ ಆಡಿದೆವು. ಕಿಟ್ಟಕ್ಕೆ ಇನ್ನೆರಡೇ ಹೆಜ್ಜೆ ಇರುವಾಗ, ಕ್ಲಾಸಿನಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು "ನಿಲ್ಲೇ" ಎಂದಳು. ನಸೀಮಾ ನಿಂತಳು. ಎದುರಿಗೆ ಏನೂ ಇರಲಿಲ್ಲ. ಯಾಕೆ ಕೂಗಿದೆ ಎಂದರೆ, ಸುಮ್ಮನೆ ಭಯವಾಯಿತಂತೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಮಂಗಳದ ಕಲ್ಲು ಮಂಗಳದಲ್ಲೇ ಉಳಿಯಿತು. ಅವಳನ್ನು ಯಾರೂ ಬೈಯಲಿಲ್ಲ.

ಈಗ ನಾನು ನಿವೃತ್ತೆ. ಪಾಠ ಮಾಡುವ ಚಟ ಮಾತ್ರ ನಿವೃತ್ತಿಯಾಗಿಲ್ಲ. ಇವತ್ತು ಬೆಳಿಗ್ಗೆ ಮೊಮ್ಮಗಳಿಗೆ ಬುದ್ಧಿ ಹೇಳುತ್ತಿದ್ದಾಗ ಸೊಸೆ ಒಳಗಿನಿಂದ, "ಅತ್ತೆ, ಸಾಕು ಬಿಡಿ" ಎಂದಳು. ಉರಿದುಬೀಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಮಗುವಿನ ಮುಖ ನೋಡಿದೆ. ಕಣ್ಣು ತುಂಬಿತ್ತು, ನಾನು ಗಮನಿಸಿಯೇ ಇರಲಿಲ್ಲ.